ಕ್ಷಮಿಸಿದರೆ ಶಿಕ್ಷೆ ಬೇಡವೇ?

ಪ್ರಶ್ನೆ: ನಾಲ್ಕು ವರ್ಷಗಳ ಹಿಂದೆ ಎರಡು ಸಮುದಾಯಗಳ ನಡುವೆ ನಡೆದ ಗಲಭೆಯಲ್ಲಿ ಗುಂಪೊಂದು ನನ್ನ ತಮ್ಮನನ್ನು ಹೊಡೆದು ಕೊಂದಿತು. ಮೂವರ ಮೇಲೆ ವಿಚಾರಣೆ ನಡೆಯುತ್ತಿದೆ, ನಾನೂ ಒಬ್ಬ ಸಾಕ್ಷಿ. ಕಳೆದ ವಾಯಿದೆಯ ದಿನ ಆರೋಪಿಗಳಲ್ಲಿ ಒಬ್ಬನ ತಾಯಿ ಕೋರ್ಟಿನ ವರಾಂಡದಲ್ಲಿ ಕುಳಿತಿದ್ದರು. ಅವರ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಮಗನಿಗೆಂದು ಮಡಿಸಿ ತಂದ ಒಂದು ಅಂಗಿ. ಅದನ್ನು ಕೊಡಲು ಪೊಲೀಸರು ಬಿಡಲಿಲ್ಲ. ನನ್ನ ಕರುಳು ಹಿಂಡಿದಂತಾಯಿತು. ಮನೆಗೆ ಬಂದು ಹೇಳಿದಾಗ ಚಿಕ್ಕಪ್ಪ, "ತಮ್ಮನ ರಕ್ತವನ್ನು ಇಷ್ಟು ಬೇಗ ಮರೆತೆಯಾ?" ಎಂದು ಸಿಟ್ಟಾದರು. ಅತಿ ಕಠಿಣ ಶಿಕ್ಷೆಯನ್ನೇ ಕೇಳಬೇಕು ಎಂಬುದು ಅವರ ಹಟ. ಇನ್ನೊಂದು ಕಡೆ ಎರಡೂ ಸಮುದಾಯಗಳ ಹಿರಿಯರು ಬಂದು, ಕ್ಷಮಿಸಿಬಿಡಿ, ಸಾಕ್ಷಿ ಹೇಳಬೇಡಿ, ಎಲ್ಲರಿಗೂ ಶಾಂತಿ ಬೇಕಾಗಿದೆ ಎನ್ನುತ್ತಾರೆ. ಮರುಗಿದ್ದು ದ್ರೋಹವೇ? ಕ್ಷಮಿಸಿದ ಮೇಲೆ ಶಿಕ್ಷೆಗೆ ಅರ್ಥವಿದೆಯೇ? ಅಷ್ಟಕ್ಕೂ ಶಿಕ್ಷೆ ಇರುವುದು ಯಾತಕ್ಕೆ?

ಉತ್ತರ: ನಿಮ್ಮ ಪತ್ರದಲ್ಲಿ ಆ ಅಂಗಿಯ ಮಾತು ಬಂದ ಕಡೆ ನಾನು ಬಹಳ ಹೊತ್ತು ನಿಂತುಬಿಟ್ಟೆ. ದಂಡನೀತಿಯನ್ನು ಓದುತ್ತ, ಕಲಿಸುತ್ತ ನನ್ನ ಬದುಕಿನ ಬಹುಪಾಲು ಕಳೆದಿದೆ. ನೀವು ಕೇಳಿದ ಮೂರೂ ಪ್ರಶ್ನೆಗಳನ್ನು ತರಗತಿಯಲ್ಲಿ ಎಷ್ಟೋ ಸಲ ಚರ್ಚಿಸಿದ್ದೇನೆ. ಆದರೆ ಒಡಹುಟ್ಟಿದವನನ್ನು ಕಳೆದುಕೊಂಡವರು, ಆರೋಪಿಯ ತಾಯಿಯ ಕೈಯಲ್ಲಿದ್ದ ಚೀಲವನ್ನೂ ಅದರೊಳಗಿನ ಅಂಗಿಯ ಮಡಿಕೆಯನ್ನೂ ನೆನಪಿಟ್ಟುಕೊಂಡು ಕೇಳಿದಾಗ ಆ ಪ್ರಶ್ನೆಗಳ ತೂಕವೇ ಬೇರೆಯಾಗುತ್ತದೆ.

ನೇರವಾದ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ನೀವು ಮರುಗಿದ್ದು ದ್ರೋಹವಲ್ಲ. ಕ್ಷಮಿಸುವುದು, ಬಿಡುವುದು ನಿಮಗೆ ಸೇರಿದ ವಿಷಯ. ಅದಕ್ಕೆ ಗಡುವು ಹಾಕುವ ಹಕ್ಕು ಹಿರಿಯರಿಗೂ ಇಲ್ಲ, ನ್ಯಾಯಾಲಯಕ್ಕೂ ಇಲ್ಲ. ಶಿಕ್ಷೆಯಾದರೋ ನಿಮ್ಮೊಬ್ಬರ ಸ್ವತ್ತಲ್ಲವಾದ್ದರಿಂದ ನೀವು ಕ್ಷಮಿಸಿದಿರೆಂದು ಅದು ರದ್ದಾಗಬಾರದು, ಕ್ಷಮಿಸಲಿಲ್ಲವೆಂದು ಹೆಚ್ಚಾಗಲೂಬಾರದು. ನಿಮ್ಮ ಚಿಕ್ಕಪ್ಪನವರೂ ಆ ಹಿರಿಯರೂ ಒಬ್ಬರಿಗೊಬ್ಬರು ವಿರುದ್ಧವಾಗಿ ಮಾತನಾಡುತ್ತಿರುವಂತೆ ಕಂಡರೂ ಇಬ್ಬರೂ ಮಾಡುತ್ತಿರುವುದು ಒಂದೇ ತಪ್ಪು: ಮರುಕ, ಕ್ಷಮೆ, ಶಿಕ್ಷೆ ಈ ಮೂರನ್ನೂ ಒಂದೇ ಗಂಟಿಗೆ ಕಟ್ಟಿದ್ದಾರೆ. ಮರುಗಿದರೆ ಕ್ಷಮಿಸಿದಂತೆ, ಕ್ಷಮಿಸಿದರೆ ಶಿಕ್ಷೆ ಬಿಟ್ಟಂತೆ ಎಂದು ಚಿಕ್ಕಪ್ಪನವರು ಹೆದರುತ್ತಾರೆ. ಅದೇ ಲೆಕ್ಕದ ಮೇಲೆ ಹಿರಿಯರು ಆಸೆ ಇಟ್ಟುಕೊಂಡಿದ್ದಾರೆ.

ಮನೆಯಲ್ಲಿ ಜಗಳವಾದದ್ದು ಮರುಕದಿಂದ, ಅಲ್ಲಿಂದಲೇ ಆರಂಭಿಸುತ್ತೇನೆ. ಇನ್ನೊಬ್ಬರ ನೋವು ನಮ್ಮೊಳಗೂ ಮಿಡಿಯುವುದು ದೊಡ್ಡ ಗುಣವೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ, ಅದು ನಿಜವೂ ಹೌದು. ಆದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಿಯುವುದಿಲ್ಲ. ಜ್ಯೂರಿಚ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಫುಟ್‌ಬಾಲ್ ಅಭಿಮಾನಿಗಳನ್ನು ಕೂರಿಸಿ, ಪಕ್ಕದವನ ಕೈಗೆ ನೋವಾಗುವಷ್ಟು ವಿದ್ಯುತ್ ಆಘಾತ ಕೊಡುವುದನ್ನು ನೋಡುವಂತೆ ಮಾಡಲಾಯಿತು. ಪಕ್ಕದವನು ತಮ್ಮದೇ ತಂಡದ ಅಭಿಮಾನಿಯಾಗಿದ್ದಾಗ ನೋಡುವವರ ಮಿದುಳಿನಲ್ಲಿ ನೋವಿಗೆ ಸಂಬಂಧಿಸಿದ ಭಾಗ ಹೆಚ್ಚು ಮಿಡಿಯಿತು. ಎದುರಾಳಿ ತಂಡದವನಾಗಿದ್ದಾಗ ಕಡಿಮೆ. ಅವನ ನೋವಿನಲ್ಲಿ ಅರ್ಧವನ್ನು ನೀವೇ ಹೊರುತ್ತೀರಾ ಎಂದು ಕೇಳಿದಾಗಲೂ ಅದೇ ವ್ಯತ್ಯಾಸ ಕಂಡಿತು. ಇದು ಕೇವಲ ಆಟದ ತಂಡದ ಮೇಲಿನ ಒಲವು. ಅದರ ಹಿಂದೆ ಸುಟ್ಟ ಮನೆಗಳಿಲ್ಲ, ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಹಗೆಯ ಕಥೆಗಳಿಲ್ಲ, ಊರು ಬಿಟ್ಟು ಓಡಿದ ಅಜ್ಜ ಅಜ್ಜಿಯರಿಲ್ಲ. ಅವೆಲ್ಲ ಇರುವ ಕಡೆ ಆ ಅಂತರ ಎಷ್ಟು ಅಗಲವಾಗಬಹುದೆಂದು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಮರುಕಕ್ಕೆ ಇನ್ನೊಂದು ಮಿತಿಯೂ ಇದೆ: ಅದು ಕಣ್ಣೆದುರಿಗೆ ಇರುವವರನ್ನು ಮಾತ್ರ ಕಾಣುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆಗೆ ಕಾಯುತ್ತಿರುವ ಹತ್ತು ವರ್ಷದ ಒಬ್ಬ ಹುಡುಗಿಯ ಸಂದರ್ಶನವನ್ನು ಜನರಿಗೆ ಕೇಳಿಸಿ, ಸರದಿಯಲ್ಲಿ ಅವಳನ್ನು ಮುಂದಕ್ಕೆ ತರಬೇಕೇ ಎಂದು ಕೇಳಲಾಯಿತು. ಹಾಗೆ ತಂದರೆ ಅವಳಿಗಿಂತ ತುರ್ತಿನ ಅಗತ್ಯವಿರುವ, ಅವಳಿಗಿಂತ ಹೆಚ್ಚು ಕಾದಿರುವ ಇತರ ಮಕ್ಕಳು ಹಿಂದಕ್ಕೆ ಸರಿಯುತ್ತಾರೆಂದು ಅವರಿಗೆ ಗೊತ್ತಿತ್ತು. ನಿರ್ಲಿಪ್ತವಾಗಿ ಕೇಳಿ ಎಂದು ಹೇಳಿಸಿಕೊಂಡವರಲ್ಲಿ ಶೇ 33ರಷ್ಟು ಜನ, ಅವಳ ಮನಸ್ಸಿನೊಳಗೆ ಹೊಕ್ಕು ಕೇಳಿ ಎಂದು ಹೇಳಿಸಿಕೊಂಡವರಲ್ಲಿ ಶೇ 73ರಷ್ಟು ಜನ ಅವಳನ್ನು ಮುಂದಕ್ಕೆ ತಂದರು. ಧ್ವನಿ ಕೇಳಿಸದ ಮಕ್ಕಳ ಪಾಲಿಗೆ ಆ ಕರುಣೆಯೇ ಅನ್ಯಾಯವಾಯಿತು.

ನ್ಯಾಯಾಲಯಗಳಲ್ಲಿ ಇದರ ಪರಿಣಾಮ ಏನೆಂಬುದಕ್ಕೆ ನನ್ನ ಮನಸ್ಸನ್ನು ಇಂದಿಗೂ ಕಲಕುವ ಒಂದು ಉದಾಹರಣೆ ಇದೆ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1970ರ ದಶಕದ ಎರಡು ಸಾವಿರಕ್ಕೂ ಹೆಚ್ಚು ಕೊಲೆ ಪ್ರಕರಣಗಳನ್ನು ಡೇವಿಡ್ ಬಾಲ್ಡಸ್ ಎಂಬ ಕಾನೂನು ಪ್ರಾಧ್ಯಾಪಕರ ತಂಡ ಪರಿಶೀಲಿಸಿತು. ಇತರ ಕಾರಣಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಕೊಲೆಯಾದವರು ಬಿಳಿಯರಾಗಿದ್ದರೆ ಮರಣದಂಡನೆಯಾಗುವ ಸಂಭವ, ಕೊಲೆಯಾದವರು ಕಪ್ಪು ಜನರಾಗಿದ್ದಾಗಿನದಕ್ಕಿಂತ 4.3 ಪಟ್ಟು ಹೆಚ್ಚಾಗಿತ್ತು. ವಾರೆನ್ ಮೆಕ್ಲೆಸ್ಕಿ ಎಂಬ ಕಪ್ಪು ಕೈದಿ ಇದನ್ನು ಮುಂದಿಟ್ಟು ಹೋದಾಗ ಅಲ್ಲಿನ ಸುಪ್ರೀಂ ಕೋರ್ಟು 1987ರಲ್ಲಿ ಐವರು ಮತ್ತು ನಾಲ್ವರ ಭಿನ್ನ ತೀರ್ಪಿನಿಂದ ಅವನ ವಾದವನ್ನು ತಳ್ಳಿಹಾಕಿತು. 1991ರಲ್ಲಿ ವಿದ್ಯುತ್ ಕುರ್ಚಿಯಲ್ಲಿ ಅವನಿಗೆ ಮರಣದಂಡನೆಯಾಯಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಪೊವೆಲ್ ನಿವೃತ್ತರಾದ ಮೇಲೆ, ಬದಲಿಸಲು ಸಾಧ್ಯವಿದ್ದರೆ ಆ ಮತವನ್ನು ಬದಲಿಸುತ್ತಿದ್ದೆ ಎಂದು ಹೇಳಿದರು. ಆ 4.3 ಎಂಬ ಅಂಕಿ ಯಾರೋ ಒಬ್ಬ ಕ್ರೂರ ನ್ಯಾಯಾಧೀಶನಿಂದ ಹುಟ್ಟಿದ್ದಲ್ಲ. ಯಾರ ಸಾವು ನಮ್ಮ ಮನೆಯ ಸಾವಿನಂತೆ ಅನ್ನಿಸುತ್ತದೆ, ಯಾರದು ಅನ್ನಿಸುವುದಿಲ್ಲ ಎಂಬ ಸಣ್ಣ ಸಣ್ಣ ವ್ಯತ್ಯಾಸಗಳು ಪ್ರಾಸಿಕ್ಯೂಟರ್‌ಗಳಲ್ಲಿ, ಜ್ಯೂರಿಗಳಲ್ಲಿ ಸೇರುತ್ತ ಹೋಗಿ ಆದ ಮೊತ್ತ ಅದು.

ಆದ್ದರಿಂದ ಒಡೆದ ಸಮಾಜದಲ್ಲಿ ಶಿಕ್ಷೆಯನ್ನು ಅಳೆಯುವ ಕೋಲಾಗಿ ಮರುಕವನ್ನು ನಾನು ನಂಬುವುದಿಲ್ಲ. ಹಾಗೆಂದು ಅದು ನಿಷ್ಪ್ರಯೋಜಕವೆಂದು ಅರ್ಥವಲ್ಲ. ನಿಮ್ಮ ಮರುಕ ಹರಿದದ್ದು ಇಳಿಜಾರಿನ ಕಡೆಗಲ್ಲ, ಏರಿನ ಕಡೆಗೆ. ಹಾಗಾಗುವುದು ತೀರ ಅಪರೂಪ. ಅದು ನಿಮಗೆ ಕೊಟ್ಟ ತಿಳಿವೂ ನಿಜವಾದದ್ದೇ: ಕಟಕಟೆಯಲ್ಲಿ ನಿಂತಿರುವವನು ಒಂದು ಸಮುದಾಯದ ಪ್ರತಿನಿಧಿಯಾಗಿ ನಿಂತಿಲ್ಲ, ಅವನೊಬ್ಬ ತಾಯಿಯ ಮಗ, ಅವನಿಗೊಂದು ಹೆಸರಿದೆ. ಈ ಮಾತು ಅವನ ಪರವಾಗಿ ಎಷ್ಟು ಕೆಲಸ ಮಾಡುತ್ತದೆಯೋ ಅವನ ವಿರುದ್ಧವೂ ಅಷ್ಟೇ ಮಾಡುತ್ತದೆ. ಹೆಸರಿರುವವನು ಗುಂಪಿನ ಹಿಂದೆ ಅಡಗಲಾರ. ಇದಕ್ಕೆ ಮತ್ತೆ ಬರುತ್ತೇನೆ.

ಈಗ ಕ್ಷಮೆಯ ವಿಷಯ. ನಮ್ಮ ಭಾಷೆಯೇ ಇಲ್ಲಿ ಸ್ವಲ್ಪ ಗೊಂದಲ ಮಾಡುತ್ತದೆ. ಸ್ನೇಹಿತನ ತಪ್ಪನ್ನು ಮನಸ್ಸಿನಿಂದ ಬಿಟ್ಟುಬಿಡುವುದಕ್ಕೂ ಕ್ಷಮೆ ಎನ್ನುತ್ತೇವೆ, ರಾಷ್ಟ್ರಪತಿಗಳು ಗಲ್ಲು ಶಿಕ್ಷೆ ರದ್ದುಮಾಡಿದರೆ ಅದಕ್ಕೂ ಕ್ಷಮಾದಾನ ಎನ್ನುತ್ತೇವೆ, ಸಾಲವನ್ನು ಬಿಟ್ಟುಕೊಟ್ಟರೆ ಮನ್ನಾ ಎನ್ನುತ್ತೇವೆ. ಒಂದು ಮನಸ್ಸಿನ ಒಳಗೆ ಆಗುವ ಬದಲಾವಣೆ, ಇನ್ನೊಂದು ಸರ್ಕಾರದ ಆದೇಶ, ಮತ್ತೊಂದು ಲೆಕ್ಕದ ಪುಸ್ತಕದ ವ್ಯವಹಾರ. ಕ್ಷಮಿಸಿ ಎಂದು ಯಾರಾದರೂ ಹೇಳಿದಾಗ ಇವುಗಳಲ್ಲಿ ಯಾವುದನ್ನು ಕೇಳುತ್ತಿದ್ದಾರೆ ಎಂದು ವಿಚಾರಿಸಬೇಕು. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಚಿಂತಕ ಜೋಸೆಫ್ ಬಟ್ಲರ್ ಇದನ್ನು ಬಿಡಿಸಿ ಹೇಳಿದ್ದರು. ಅನ್ಯಾಯವನ್ನು ಕಂಡಾಗ ಬರುವ ಕೋಪ ಸಹಜ, ಅದು ಸಮಾಜಕ್ಕೆ ಬೇಕಾದದ್ದೂ ಹೌದು; ಕ್ಷಮೆಯೆಂದರೆ ಆ ಕೋಪವು ಮಿತಿಮೀರಿ ಹಗೆಯಾಗಿ ಸೇಡಿಗೆ ಇಳಿಯದಂತೆ ನೋಡಿಕೊಳ್ಳುವುದು, ತಪ್ಪು ಮಾಡಿದವನೂ ಮನುಷ್ಯನೆಂಬ ಅರಿವನ್ನು ಕೈಬಿಡದಿರುವುದು. ಹೀಗೆ ನೋಡಿದರೆ ಕ್ಷಮಿಸಿದವರೇ ನ್ಯಾಯಾಲಯಕ್ಕೆ ಹೋಗಿ ಕಂಡದ್ದನ್ನು ಕಂಡಂತೆ ಹೇಳುವುದರಲ್ಲಿ ಯಾವ ವಿರೋಧವೂ ಇಲ್ಲ.

ಕ್ಷಮೆ ಎಷ್ಟು ಖಾಸಗಿಯಾದದ್ದು ಎಂಬುದಕ್ಕೆ ಉತ್ತರ ಐರ್ಲೆಂಡಿನ ಎನಿಸ್ಕಿಲನ್ ಪಟ್ಟಣದಲ್ಲಿ 1987ರ ನವೆಂಬರ್ 8ರಂದು ನಡೆದ ಘಟನೆಯನ್ನು ನೋಡಬಹುದು. ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಸೇರಿದ್ದ ಜನರ ಪಕ್ಕದಲ್ಲೇ ಐ.ಆರ್.ಎ. ಎಂಬ ಸಶಸ್ತ್ರ ಸಂಘಟನೆ ಇಟ್ಟ ಬಾಂಬು ಸಿಡಿದು ಹನ್ನೊಂದು ಮಂದಿ ಸತ್ತರು. ಗಾರ್ಡನ್ ವಿಲ್ಸನ್ ಎಂಬ ವರ್ತಕರು ಮತ್ತು ನರ್ಸ್ ಆಗಿದ್ದ ಅವರ ಇಪ್ಪತ್ತು ವರ್ಷದ ಮಗಳು ಮರೀ ಇಬ್ಬರೂ ಕುಸಿದ ಗೋಡೆಯ ಅವಶೇಷಗಳ ಅಡಿ ಸಿಕ್ಕಿಕೊಂಡಿದ್ದರು. ಅಲ್ಲೇ ತಂದೆಯ ಕೈ ಹಿಡಿದುಕೊಂಡಿದ್ದ ಮಗಳು ಅದೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೊಂದವರ ಮೇಲೆ ತನಗೆ ದ್ವೇಷವಿಲ್ಲವೆಂದೂ ಅವರಿಗಾಗಿ ಪ್ರಾರ್ಥಿಸುವುದಾಗಿಯೂ ವಿಲ್ಸನ್ ರೇಡಿಯೋ ಸಂದರ್ಶನದಲ್ಲಿ ಹೇಳಿದ ಮಾತು ಜಗತ್ತಿನೆಲ್ಲೆಡೆ ಕೇಳಿಬಂತು. ಆ ಮಾತಿನ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಅದು ಒಬ್ಬ ತಂದೆ ತನ್ನ ಮಗಳ ಬಗ್ಗೆ ಆಡಿದ ಮಾತು. ಸತ್ತ ಉಳಿದವರ ಮನೆಯವರ ಪರವಾಗಿ ಅವರು ಕ್ಷಮಿಸಲು ಆಗುತ್ತಿರಲಿಲ್ಲ. ಆ ಬಾಂಬಿನ ಪ್ರಕರಣದಲ್ಲಿ ಇಂದಿನವರೆಗೂ ಒಬ್ಬರಿಗೂ ಶಿಕ್ಷೆಯಾಗಿಲ್ಲ ಎಂಬುದನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ವಿಲ್ಸನ್ ಅವರ ದೊಡ್ಡತನ ಆ ಖಾಲಿ ಜಾಗವನ್ನು ತುಂಬಿಲ್ಲ. ತುಂಬುವ ಹೊಣೆ ಅವರದಾಗಿರಲೂ ಇಲ್ಲ.

ಕ್ಷಮಿಸದವರ ಪರವಾಗಿಯೂ ಒಂದು ಮಾತು ಹೇಳಬೇಕು, ಏಕೆಂದರೆ ಇತ್ತೀಚೆಗೆ ಕ್ಷಮಿಸದಿರುವುದನ್ನು ಒಂದು ಕಾಯಿಲೆಯೆಂಬಂತೆ ನೋಡುವ ರೂಢಿ ಬಂದಿದೆ. ನಾಜಿಗಳ ಚಿತ್ರಹಿಂಸೆಯನ್ನೂ ಔಷ್‌ವಿಟ್ಸ್ ಶಿಬಿರವನ್ನೂ ದಾಟಿ ಬದುಕಿದ ಜ್ಯಾನ್ ಅಮೆರಿ ಎಂಬ ಲೇಖಕ, ಕಾಲ ಕಳೆದಂತೆ ಗಾಯ ಮಾಯುವುದು ದೇಹದ ಧರ್ಮವೇ ಹೊರತು ಅದಕ್ಕೆ ನೈತಿಕವಾದ ಬೆಲೆಯೇನೂ ಇಲ್ಲ ಎಂದು ವಾದಿಸಿದರು. ಕೊಂದವರ ಸಮಾಜ ಆದದ್ದು ಆಯಿತು ಎಂದು ಮುಂದೆ ಹೊರಟಾಗ, ಆಗಬಾರದ್ದು ಆಯಿತು ಎಂದು ಹಟಹಿಡಿದು ನಿಲ್ಲುವುದು ನೊಂದವರ ಕೋಪ ಮಾತ್ರ. ನಿಮ್ಮ ಚಿಕ್ಕಪ್ಪನವರ ಸಿಟ್ಟಿನಲ್ಲಿ ಇದರ ಒಂದು ಅಂಶ ಇರಬಹುದು. ಅವರನ್ನು ಸೇಡಿನ ಮನುಷ್ಯರೆಂದು ಬಗೆಯಬೇಡಿ. ತಮ್ಮ ಮಗುವನ್ನು ಎಲ್ಲರೂ ಮರೆತುಬಿಡುತ್ತಾರೆಂಬ ಭಯ ಅದಾಗಿರಬಹುದು.

ಇನ್ನು ನಿಮ್ಮ ಮನೆಗೆ ಬಂದ ಹಿರಿಯರು. ಅವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅವರು ಕೇಳುತ್ತಿರುವುದು ಕ್ಷಮೆಯನ್ನಲ್ಲ, ಮೌನವನ್ನು. ಸತ್ತವರ ಮನೆಯವರ ಕ್ಷಮೆಯನ್ನೇ ಶಿಕ್ಷೆಯ ಬೀಗದ ಕೈಯಾಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಪಾಕಿಸ್ತಾನದ ಅನುಭವವಿದೆ. ಅಲ್ಲಿ 1990ರಲ್ಲಿ ತಂದ ಕಾನೂನಿನಂತೆ ಕೊಲೆಯಾದವರ ವಾರಸುದಾರರು ಪರಿಹಾರ ಪಡೆದೋ ಪಡೆಯದೆಯೋ ಕೊಲೆಗಾರನನ್ನು ಕ್ಷಮಿಸಲು ಅವಕಾಶವಾಯಿತು. ಮರ್ಯಾದೆಯ ಹೆಸರಿನಲ್ಲಿ ತಂಗಿಯನ್ನು ಕೊಂದ ಅಣ್ಣನನ್ನು ತಂದೆಯೇ ಕ್ಷಮಿಸುವುದು, ಬಲವಿದ್ದವರು ಬಡವರ ಮನೆಯವರನ್ನು ಒತ್ತಾಯಿಸಿ ಸಹಿ ಹಾಕಿಸುವುದು ಬೆಳೆಯಿತು. ಕೊನೆಗೆ 2016ರಲ್ಲಿ, ಮರ್ಯಾದೆಗೇಡು ಹತ್ಯೆಯಲ್ಲಿ ಮನೆಯವರು ಕ್ಷಮಿಸಿದರೂ ಜೀವಾವಧಿ ಶಿಕ್ಷೆ ತಪ್ಪದಂತೆ ಕಾನೂನನ್ನು ತಿದ್ದಬೇಕಾಯಿತು. ಕ್ಷಮೆಗೆ ಬೇರೆಯವರ ಪಾಲಿಗೆ ಲಾಭ ತರುವ ಶಕ್ತಿ ಬಂದ ಕೂಡಲೇ ಅದನ್ನು ನಮ್ಮಿಂದ ಕಿತ್ತುಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. ಬಹುತೇಕ ದೇಶಗಳಲ್ಲಿ ಕೊಲೆಯ ಮೊಕದ್ದಮೆಯನ್ನು ಸರ್ಕಾರವೇ ನಡೆಸುವುದು, ಮನೆಯವರಿಗೆ ಅದನ್ನು ಹಿಂತೆಗೆದುಕೊಳ್ಳಲು ಬಿಡದಿರುವುದು ನೊಂದವರನ್ನು ಕಡೆಗಣಿಸಲೆಂದಲ್ಲ. ಇಂಥ ಒತ್ತಡದಿಂದ ಅವರನ್ನು ಕಾಪಾಡುವುದೂ ಅದರ ಒಂದು ಉದ್ದೇಶ.

ಕ್ಷಮೆಯಿಂದಲೇ ದೇಶ ಉಳಿಯಿತಲ್ಲ ಎಂದು ದಕ್ಷಿಣ ಆಫ್ರಿಕಾದ ಹೆಸರನ್ನು ನಿಮ್ಮ ಮುಂದೆಯೂ ಯಾರಾದರೂ ಹೇಳಬಹುದು. ಅಲ್ಲಿ ನಿಜವಾಗಿ ನಡೆದದ್ದನ್ನು ಸ್ವಲ್ಪ ವಿವರವಾಗಿ ತಿಳಿದಿರುವುದು ಒಳ್ಳೆಯದು. ವರ್ಣಭೇದದ ಆಡಳಿತ ಕೊನೆಗೊಂಡ ಮೇಲೆ 1995ರ ಕಾನೂನಿನ ಪ್ರಕಾರ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ರಚನೆಯಾಯಿತು. ಟುಟು ಅವರ ಬಾಯಲ್ಲಿ ಕ್ಷಮೆಯ ಮಾತು ಸದಾ ಇತ್ತು, ಆದರೆ ಕಾನೂನಿನಲ್ಲಿ ಕ್ಷಮಿಸಬೇಕೆಂಬ ಷರತ್ತು ಯಾರಿಗೂ ಇರಲಿಲ್ಲ. ಅಪರಾಧ ಮಾಡಿದವರು ಪಶ್ಚಾತ್ತಾಪ ಪಡಬೇಕೆಂದೂ ಇರಲಿಲ್ಲ. ಕೃತ್ಯ ರಾಜಕೀಯ ಉದ್ದೇಶದ್ದಾಗಿರಬೇಕು, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಬಹಿರಂಗವಾಗಿ ಹೇಳಬೇಕು, ಆಗ ಶಿಕ್ಷೆಯಿಂದ ಬಿಡುಗಡೆ ಸಿಗುತ್ತಿತ್ತು. ಬಂದ ಅರ್ಜಿಗಳು 7,112. ಬಿಡುಗಡೆ ಸಿಕ್ಕಿದ್ದು 849 ಮಂದಿಗೆ ಮಾತ್ರ. ಅಂದರೆ ಅದು ಸತ್ಯಕ್ಕೂ ಶಿಕ್ಷೆಗೂ ನಡುವೆ ಆದ ಒಂದು ವಿನಿಮಯ. ಪೊಲೀಸ್ ವಶದಲ್ಲಿ 1977ರಲ್ಲಿ ಸತ್ತ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೊ ಅವರ ಮನೆಯವರು ಈ ವಿನಿಮಯವನ್ನು ಒಪ್ಪದೆ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು; 1996ರಲ್ಲಿ ಸೋತರು. ಅವರ ಸಾವಿನ ಬಗ್ಗೆ ಅರ್ಜಿ ಹಾಕಿದ ಪೊಲೀಸರು ನಿಜ ಹೇಳಲಿಲ್ಲವೆಂದು 1999ರಲ್ಲಿ ಅರ್ಜಿ ತಿರಸ್ಕೃತವಾಯಿತು, ಆದರೆ ಅವರಲ್ಲಿ ಯಾರಿಗೂ ಶಿಕ್ಷೆಯೂ ಆಗಲಿಲ್ಲ. ಆಯೋಗ ಮೊಕದ್ದಮೆಗೆಂದು ಒಪ್ಪಿಸಿದ ನೂರಾರು ಪ್ರಕರಣಗಳಲ್ಲಿ ನ್ಯಾಯಾಲಯದವರೆಗೆ ಹೋದವು ಬೆರಳೆಣಿಕೆಯಷ್ಟು. ನೊಂದವರಿಗೆ 2003ರಲ್ಲಿ ತಲಾ 30,000 ರ‍್ಯಾಂಡ್ ಒಂದು ಬಾರಿಯ ಪರಿಹಾರ ಘೋಷಣೆಯಾಯಿತು, ಅದು ಆಯೋಗ ಶಿಫಾರಸು ಮಾಡಿದ್ದಕ್ಕಿಂತ ಬಹಳ ಕಡಿಮೆ. ಅಂತರ್ಯುದ್ಧದ ಅಂಚಿನಲ್ಲಿದ್ದ ದೇಶಕ್ಕೆ ಆ ವಿನಿಮಯ ಅನಿವಾರ್ಯವಾಗಿತ್ತೆಂದು ನಾನು ಒಪ್ಪುತ್ತೇನೆ. ಆದರೆ ಅದರ ಬೆಲೆ ತೆತ್ತವರು ನೊಂದವರೇ, ಮತ್ತು ಅವರಿಗೆ ಕನಿಷ್ಠ ಪಕ್ಷ ಸತ್ಯವಾದರೂ ಸಿಕ್ಕಿತು. ನಿಮ್ಮ ಹಿರಿಯರು ನಿಮಗೆ ಅದನ್ನೂ ಕೊಡುತ್ತಿಲ್ಲ. ತಮ್ಮನನ್ನು ಯಾರು ಹೊಡೆದರು, ಯಾರು ಕಳುಹಿಸಿದರು, ಯಾರು ನೋಡುತ್ತ ನಿಂತರು ಎಂದು ಹೇಳಲು ಅವರಲ್ಲಿ ಯಾರಾದರೂ ಮುಂದೆ ಬಂದಿದ್ದಾರೆಯೇ?

ಹಾಗಾದರೆ ಶಿಕ್ಷೆ ಯಾತಕ್ಕೆ? ಪಠ್ಯಪುಸ್ತಕಗಳು ಕೊಡುವ ಉತ್ತರಗಳು ನಿಮಗೂ ಗೊತ್ತಿರುತ್ತವೆ: ಉಪ್ಪು ತಿಂದವನು ನೀರು ಕುಡಿಯಬೇಕೆಂಬ ನ್ಯಾಯ, ಇತರರಿಗೆ ಭಯ ಹುಟ್ಟಿಸುವುದು, ಅಪಾಯಕಾರಿಯನ್ನು ದೂರ ಇಡುವುದು, ತಿದ್ದುವುದು. ಶಿಕ್ಷೆ, ಶಿಕ್ಷಣ, ಶಿಕ್ಷಕ ಎಂಬ ಪದಗಳು ಒಂದೇ ಬೇರಿನಿಂದ ಬಂದಿರುವುದು ನನಗೆ ಯಾವಾಗಲೂ ಹಿಡಿಸಿದ ಸಂಗತಿ. ಶಿಕ್ಷೆಯಲ್ಲಿ ಏನನ್ನೋ ಕಲಿಸುವ ಉದ್ದೇಶವಿದೆ ಎಂದು ಪದವೇ ಹೇಳುತ್ತದೆ. ಭಯದ ವಿಷಯದಲ್ಲಿ, ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಹೇಳಿದ ಮಾತನ್ನು ಆಮೇಲಿನ ಅಧ್ಯಯನಗಳು ಒಟ್ಟಾರೆ ಎತ್ತಿಹಿಡಿದಿವೆ: ಜನರನ್ನು ತಡೆಯುವುದು ಶಿಕ್ಷೆಯ ಘೋರತೆಗಿಂತ ಹೆಚ್ಚಾಗಿ ಸಿಕ್ಕಿಬೀಳುವುದು ಖಚಿತ ಎಂಬ ನಂಬಿಕೆ. ಗುಂಪು ಹಿಂಸೆಯಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಗುಂಪಿನಲ್ಲಿ ಕೈ ಎತ್ತುವವನು, ಇಷ್ಟು ಜನರಲ್ಲಿ ನನ್ನನ್ನು ಯಾರು ಗುರುತಿಸುತ್ತಾರೆ, ಗುರುತಿಸಿದರೂ ನನ್ನವರು ನನ್ನನ್ನು ಬಿಟ್ಟುಕೊಡುವುದಿಲ್ಲ ಎಂಬ ಲೆಕ್ಕದ ಮೇಲೆಯೇ ಎತ್ತುತ್ತಾನೆ. ಸಾಕ್ಷಿಗಳು ಹಿಂದೆ ಸರಿದ ಪ್ರತಿಯೊಂದು ಮೊಕದ್ದಮೆಯೂ ಆ ಲೆಕ್ಕ ಸರಿಯೆಂದು ಮುಂದಿನವನಿಗೆ ತೋರಿಸಿಕೊಡುತ್ತದೆ.

ಆದರೆ ಒಡೆದ ಸಮಾಜದಲ್ಲಿ ಶಿಕ್ಷೆಗೆ ಇವೆಲ್ಲಕ್ಕಿಂತ ಮೊದಲು ಬರುವ ಒಂದು ಕೆಲಸವಿದೆ ಎಂದು ನಾನು ನಂಬುತ್ತೇನೆ. ದ್ವೇಷದ ಕೊಲೆ ಒಂದು ಜೀವವನ್ನು ತೆಗೆಯುವುದರ ಜೊತೆಗೆ ಒಂದು ಮಾತನ್ನೂ ಆಡುತ್ತದೆ: ಇವನ ಜೀವಕ್ಕೆ ನಮ್ಮವರ ಜೀವದಷ್ಟು ಬೆಲೆಯಿಲ್ಲ, ಇವನನ್ನು ಕೊಂದರೆ ಕೇಳುವವರಿಲ್ಲ. ಸಮಾಜ ಸುಮ್ಮನಿದ್ದರೆ ಆ ಮಾತಿಗೆ ಹೂಂಗುಟ್ಟಿದಂತಾಗುತ್ತದೆ. ವಿಚಾರಣೆ, ತೀರ್ಪು, ಶಿಕ್ಷೆ ಇವು ಮೂರೂ ಸೇರಿ, ಸತ್ತವನೂ ನಮ್ಮವನೇ, ಅವನ ಜೀವಕ್ಕೂ ಅಷ್ಟೇ ಬೆಲೆ ಎಂದು ಎಲ್ಲರ ಹೆಸರಿನಲ್ಲಿ, ಕೊಂದವನ ಸಮುದಾಯದ ಹೆಸರಿನಲ್ಲೂ, ಆ ಮಾತನ್ನು ಸುಳ್ಳು ಮಾಡಬೇಕು. ನಿಮ್ಮ ಕ್ಷಮೆ ಈ ಕೆಲಸವನ್ನು ಮಾಡಲಾರದು, ಏಕೆಂದರೆ ತಮ್ಮನ ಜೀವಕ್ಕೆ ಬೆಲೆಯಿದೆ ಎಂಬುದರಲ್ಲಿ ನಿಮಗೆಂದೂ ಸಂದೇಹವಿರಲಿಲ್ಲ. ಅದನ್ನು ಹೇಳಬೇಕಾದವರು ಬೇರೆಯವರು.

ಇದನ್ನು ನಾರ್ವೆಯ ಓಸ್ಲೋ ಜಿಲ್ಲಾ ನ್ಯಾಯಾಲಯ 2012ರಲ್ಲಿ ಮಾಡಿದ ರೀತಿಯನ್ನು ನಾನು ಮರೆಯಲಾರೆ. ಹಿಂದಿನ ವರ್ಷ ಜುಲೈ 22ರಂದು ಒಬ್ಬನೇ ವ್ಯಕ್ತಿ, ತನ್ನ ದೇಶ ಹಲವು ಸಂಸ್ಕೃತಿಗಳ ಜನರಿಗೆ ಸೇರಬಾರದೆಂಬ ಹಟದಿಂದ, ಬಾಂಬಿಟ್ಟೂ ಗುಂಡಿಕ್ಕಿಯೂ 77 ಜನರನ್ನು ಕೊಂದಿದ್ದ. ಅವರಲ್ಲಿ ಬಹುಮಂದಿ ಹದಿಹರೆಯದವರು. ಹತ್ತು ವಾರಗಳ ವಿಚಾರಣೆಯಲ್ಲಿ 77 ಜನರ ಮರಣೋತ್ತರ ಪರೀಕ್ಷೆಯ ವರದಿಯನ್ನೂ ಒಂದೊಂದಾಗಿ ನ್ಯಾಯಾಲಯದ ಮುಂದಿಡಲಾಯಿತು. ಗಾಯ ಎಲ್ಲೆಲ್ಲಿ ಆಗಿತ್ತು ಎಂಬ ವಿವರ ಮುಗಿದ ಮೇಲೆ ಸತ್ತವರ ಒಂದು ಫೋಟೊ, ಜೊತೆಗೆ ಮನೆಯವರು ಬರೆದುಕೊಟ್ಟ ಕೆಲವು ಸಾಲು: ಈ ಹುಡುಗ ಯಾರು, ಈ ಹುಡುಗಿಗೆ ಏನಾಗಬೇಕೆಂಬ ಆಸೆಯಿತ್ತು. ಆರೋಪಿ ಅದನ್ನೆಲ್ಲ ಕುಳಿತು ಕೇಳಬೇಕಾಯಿತು. ಸಾಕ್ಷ್ಯದ ದೃಷ್ಟಿಯಿಂದ ಅದು ಅನಗತ್ಯ. ಕೊಂದೆನೆಂದು ಅವನೇ ಹೇಳಿದ್ದ. ಆದರೂ ನ್ಯಾಯಾಲಯ ಅದಕ್ಕೆ ಸಮಯ ಕೊಟ್ಟಿತು, ಅವನಿಗೂ ತನ್ನ ಮಾತು ಹೇಳಲು ಸಮಯ ಕೊಟ್ಟಿತು. ಕೊನೆಗೆ ಅವನು ಬುದ್ಧಿಭ್ರಮಣೆಯಿಂದ ಮಾಡಿದ್ದಲ್ಲ, ಹೊಣೆಗಾರನೇ ಎಂದು ತೀರ್ಮಾನಿಸಿ, ಅಪಾಯ ಮುಂದುವರಿದಷ್ಟು ಕಾಲ ವಿಸ್ತರಿಸಬಹುದಾದ 21 ವರ್ಷಗಳ ಬಂಧನವನ್ನು ವಿಧಿಸಿತು. ಇಷ್ಟು ಘೋರ ಕೃತ್ಯಕ್ಕೆ ಅಷ್ಟೇನೇ ಎಂದು ಹೊರದೇಶದವರು ಕೇಳಿದರು. ಆ ಪ್ರಶ್ನೆ ಅಸಹಜವಲ್ಲ. ನನಗೆ ಮಾತ್ರ, ಆ 77 ಫೋಟೊಗಳ ಮುಂದೆ ವರ್ಷಗಳ ಲೆಕ್ಕ ಚಿಕ್ಕದಾಗಿ ಕಂಡಿತು.

ಈ ಕೆಲಸದ ಇನ್ನೊಂದು ಮುಖ, ಆಗಲೇ ಹೇಳಿದ ಹೆಸರಿನ ವಿಷಯ. ಗಲಭೆಯ ನಂತರ ಜನ ಹೇಳುವುದು, ಅವರು ನಮ್ಮವರನ್ನು ಕೊಂದರು ಎಂದು. ಆ ಅವರು ಎಂಬ ಪದದಲ್ಲಿ ಹುಟ್ಟದಿರುವ ಮಕ್ಕಳೂ ಸೇರಿಬಿಡುತ್ತಾರೆ. ನ್ಯಾಯಾಲಯ ಅದನ್ನು ಒಪ್ಪುವುದಿಲ್ಲ. ಯಾರು, ಎಷ್ಟು ಗಂಟೆಗೆ, ಕೈಯಲ್ಲಿ ಏನಿತ್ತು ಎಂದು ಕೇಳುತ್ತದೆ. ಮೂವರ ಮೇಲೆ ಅಪರಾಧ ಸಾಬೀತಾದರೆ ಹೊಣೆ ಆ ಮೂವರ ಮೇಲೆ ನಿಲ್ಲುತ್ತದೆ, ಉಳಿದ ಸಾವಿರಾರು ಜನರ ಮೇಲಿಂದ ಇಳಿಯುತ್ತದೆ. ಯಾರಿಗೂ ಶಿಕ್ಷೆಯಾಗದಿದ್ದರೆ ಎಲ್ಲರೂ ಶಂಕಿತರಾಗಿಯೇ ಉಳಿಯುತ್ತಾರೆ, ಆ ತಾಯಿಯೂ ಸೇರಿ. ಹಾಗಾಗಿ ಸಾಕ್ಷಿ ಹೇಳಿದರೆ ಶಾಂತಿ ಕೆಡುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ.

ಇದಕ್ಕೊಂದು ಷರತ್ತಿದೆ, ಅದನ್ನು ಮುಚ್ಚಿಡಬಾರದು: ಎರಡೂ ಕಡೆಯ ಅಪರಾಧಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕು. ರುವಾಂಡಾದಲ್ಲಿ 1994ರ ನರಮೇಧದ ನಂತರ ಒಂದು ಲಕ್ಷಕ್ಕೂ ಹೆಚ್ಚು ಜನ ಜೈಲುಗಳಲ್ಲಿ ಕೊಳೆಯುತ್ತಿದ್ದಾಗ, ಗಚಾಚ ಎಂಬ ಹಳೆಯ ಊರ ಪಂಚಾಯಿತಿಯ ಪದ್ಧತಿಯನ್ನು ಹೊಸದಾಗಿ ರೂಪಿಸಿ, 2012ರಲ್ಲಿ ಮುಚ್ಚುವ ವೇಳೆಗೆ ಸುಮಾರು 12,000 ನ್ಯಾಯಸಭೆಗಳಲ್ಲಿ 19 ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ವಿಚಾರಿಸಲಾಯಿತು. ತಪ್ಪೊಪ್ಪಿಕೊಂಡು, ಶವಗಳು ಎಲ್ಲಿವೆಯೆಂದು ತೋರಿಸಿದವರಿಗೆ ಶಿಕ್ಷೆ ಕಡಿಮೆಯಾಯಿತು. ಎಷ್ಟೋ ಜನರಿಗೆ ತಮ್ಮವರ ಎಲುಬುಗಳು ಸಿಕ್ಕಿ ಮಣ್ಣು ಮಾಡಲು ಸಾಧ್ಯವಾದದ್ದು ಹೀಗೆ. ಆದರೆ ಗೆದ್ದ ಪಕ್ಷದ ಸೈನಿಕರು ಮಾಡಿದ ಕೊಲೆಗಳನ್ನು ಆ ಸಭೆಗಳ ಮುಂದೆ ತರಲು ಅವಕಾಶವಿರಲಿಲ್ಲ. ಹಾಗೆ ಬಿಟ್ಟುಹೋದ ಸಾವುಗಳ ಮನೆಯವರಿಗೆ ಆ ನ್ಯಾಯ ಯಾವ ಭಾಷೆಯಲ್ಲಿ ಕೇಳಿಸಿರಬೇಕು? ನಿಮ್ಮ ಗಲಭೆಯಲ್ಲೂ ಇನ್ನೊಂದು ಕಡೆಯವರು ಯಾರಾದರೂ ಸತ್ತಿದ್ದರೆ ಅವರ ಮೊಕದ್ದಮೆಯೂ ನಿಮ್ಮದರಷ್ಟೇ ಗಟ್ಟಿಯಾಗಿ ನಡೆಯಲಿ ಎಂದು ಬಯಸುವುದು ತಮ್ಮನಿಗೆ ಮಾಡುವ ದ್ರೋಹವಲ್ಲ.

ಅತಿ ಕಠಿಣ ಶಿಕ್ಷೆಯನ್ನೇ ಕೇಳಬೇಕೆಂಬ ಚಿಕ್ಕಪ್ಪನವರ ಮಾತಿಗೆ ಒಂದಿಷ್ಟು. ಕನ್ನಡದಲ್ಲಿ ಮುಯ್ಯಿ ಎಂದರೆ ಸಮಾರಂಭದಲ್ಲಿ ಕೊಟ್ಟು ಮತ್ತೆ ಹಿಂದಿರುಗಿಸಬೇಕಾದ ಉಡುಗೊರೆಯೂ ಹೌದು, ಸೇಡೂ ಹೌದು. ಎರಡಕ್ಕೂ ಒಂದೇ ಗುಣ: ತೀರಿಸಿದ ಮೇಲೂ ತೀರುವುದಿಲ್ಲ, ಸರದಿ ಆ ಕಡೆಗೆ ಹೋಗುತ್ತದೆ. ಶಿಕ್ಷೆ ಮುಯ್ಯಿಯಾಗಬಾರದೆಂದಿದ್ದರೆ ಅದಕ್ಕೆ ನಿಲ್ಲುವ ಜಾಗ ಬೇಕು. ಎಷ್ಟು ಕಠಿಣ ಎಂಬುದನ್ನು ಅದೇ ದೇಶದಲ್ಲಿ ಇತರ ಕೊಲೆಗಳಿಗೆ ಕೊಡುವ ಶಿಕ್ಷೆಗೆ ಹೋಲಿಸಿ ನಿರ್ಧರಿಸಬೇಕು. ನಿಮ್ಮ ತಮ್ಮನ ಕೊಲೆಗೆ ಇತರ ಕೊಲೆಗಳಿಗಿಂತ ಕಡಿಮೆ ಶಿಕ್ಷೆಯಾದರೆ ಅವನನ್ನು ಅವಮಾನಿಸಿದಂತೆ. ಹೆಚ್ಚಾಗಲಿ ಎಂದು ಕೇಳಿದರೆ, ಜಾರ್ಜಿಯಾದ ಆ 4.3 ಎಂಬ ಅಂಕಿಯನ್ನೇ ನಮ್ಮ ಕಡೆಗೆ ತಿರುಗಿಸಿ ಕೇಳಿದಂತೆ.

ಮುಂದೆ ಏನು ಮಾಡಬಹುದೆಂದು ಹೇಳಿ ಮುಗಿಸುತ್ತೇನೆ. ನಿಮ್ಮ ಸಾಕ್ಷ್ಯದಲ್ಲಿ ಕಂಡದ್ದನ್ನಷ್ಟೇ ಹೇಳಿ; ಕೋಪದಿಂದ ಒಂದು ಮಾತು ಸೇರಿಸಬೇಡಿ, ಮರುಕದಿಂದ ಒಂದು ಮಾತು ಬಿಡಬೇಡಿ. ಒತ್ತಡ ಹೆಚ್ಚಾದರೆ ಪ್ರಾಸಿಕ್ಯೂಟರ್ ಮೂಲಕ ನ್ಯಾಯಾಲಯದ ಗಮನಕ್ಕೆ ತನ್ನಿ. ಅಪರಾಧ ಸಾಬೀತಾಗಿ, ಶಿಕ್ಷೆಯ ಪ್ರಮಾಣದ ಬಗ್ಗೆ ಮನೆಯವರ ಮಾತು ಕೇಳುವ ಪದ್ಧತಿ ನಿಮ್ಮಲ್ಲಿದ್ದರೆ, ತಮ್ಮ ಯಾರಾಗಿದ್ದ ಎಂದು ಒಂದು ಪುಟ ಬರೆದುಕೊಡಿ. ಅದನ್ನು ಚಿಕ್ಕಪ್ಪನವರ ಜೊತೆ ಕುಳಿತು ಬರೆದರೆ ಇನ್ನೂ ಒಳ್ಳೆಯದು. ಎಂದಾದರೂ ಅಪರಾಧಿಯನ್ನು ಮುಖಾಮುಖಿ ನೋಡಿ ಮಾತನಾಡಬೇಕೆನ್ನಿಸಿದರೆ, ತರಬೇತಾದವರ ಸಮ್ಮುಖದಲ್ಲಿ ಅಂಥ ಭೇಟಿ ಏರ್ಪಡಿಸುವ ಕ್ರಮ ಹಲವು ದೇಶಗಳಲ್ಲಿದೆ. 2013ರಲ್ಲಿ ಪ್ರಕಟವಾದ, ಹತ್ತು ಪ್ರಯೋಗಗಳ ಒಟ್ಟು ವಿಮರ್ಶೆಯೊಂದರ ಪ್ರಕಾರ ಅಂಥ ಭೇಟಿಗಳಿಂದ ನೊಂದವರಿಗೆ ಸಮಾಧಾನ ಹೆಚ್ಚಾಗಿದೆ, ಸೇಡಿನ ಬಯಕೆ ತಗ್ಗಿದೆ, ತಪ್ಪು ಮಾಡಿದವರು ಮತ್ತೆ ತಪ್ಪು ಮಾಡುವುದೂ ಸ್ವಲ್ಪ ಕಡಿಮೆಯಾಗಿದೆ. ಆದರೆ ಅವನು ತಪ್ಪನ್ನು ಒಪ್ಪಿಕೊಂಡ ಮೇಲೆ, ಮತ್ತು ನೀವಾಗಿ ಬಯಸಿದಾಗ ಮಾತ್ರ. ಕೊಲೆಯ ಪ್ರಕರಣದಲ್ಲಿ ಅದು ವಿಚಾರಣೆಯ ಜಾಗದಲ್ಲಿ ಬರಬಾರದು.

ಆ ತಾಯಿಯೊಂದಿಗೆ ನಿಮ್ಮ ಸಾಕ್ಷ್ಯ ಮುಗಿಯುವವರೆಗೆ ಮಾತನಾಡಬೇಡಿ. ಪಾಟೀಸವಾಲಿನಲ್ಲಿ ಅದನ್ನು ನಿಮ್ಮ ವಿರುದ್ಧವೇ ಬಳಸಬಹುದು, ಅವರಿಗೂ ತೊಂದರೆಯಾಗಬಹುದು. ಅಂಗಿಯ ವಿಷಯವನ್ನು ಮಾತ್ರ ನಿಮ್ಮ ಪರವಾಗಿರುವ ವಕೀಲರ ಕಿವಿಗೆ ಹಾಕಿ. ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ, ಇಪ್ಪತ್ತೇಳು ವರ್ಷ ಸೆರೆಯಲ್ಲಿ ಕಳೆದ ನೆಲ್ಸನ್ ಮಂಡೇಲಾ ಅವರ ಹೆಸರಿನ ನಿಯಮಗಳಲ್ಲಿ 115ನೆಯದು, ವಿಚಾರಣೆ ಮುಗಿಯದ ಕೈದಿಗೆ ಶುಭ್ರವಾದ ತನ್ನ ಸ್ವಂತ ಬಟ್ಟೆ ತೊಡಲು ಬಿಡಬೇಕೆಂದು ಹೇಳುತ್ತದೆ. ವರಾಂಡದಲ್ಲಿ ಪೊಲೀಸರ ಕೈಗೆ ಕೊಡುವುದರ ಬದಲು ಜೈಲಿನ ಕಚೇರಿಯಲ್ಲಿ ಕೊಟ್ಟು ರಸೀತಿ ಪಡೆಯುವುದು ಅದಕ್ಕೆ ಸಾಮಾನ್ಯವಾಗಿ ಇರುವ ದಾರಿ. ನಿಮ್ಮ ಹೆಸರು ಎಲ್ಲೂ ಬರದಂತೆ, ನಿಮ್ಮ ವಕೀಲರು ಆರೋಪಿಯ ವಕೀಲರಿಗೆ ಅಷ್ಟು ತಿಳಿಸಿದರೆ ಸಾಕು.